ಹುಣ್ಣಿಮೆ ನೋಡಿ ಪಣಜಿಗೆ: ಮಕ್ಕಳ ಜೊತೆ ಕಾರಿಲ್ಲದ ಗೋವಾ

ಸಣ್ಣ ಮಕ್ಕಳಿದ್ದರೆ ಗೋವಾದಲ್ಲಿ ಪಣಜಿ ಊರೊಳಗೇ ಉಳಿದುಕೊಳ್ಳಬೇಕು, ದಿನವನ್ನು ಹುಣ್ಣಿಮೆ ನೋಡಿ ಹಿಡಿಯಬೇಕು, ಕಾರು ಮಾಡಬಾರದು. ನಾನು ಹೀಗೆ ಅಂದಾಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ಒಬ್ಬರೂ ಒಪ್ಪಲಿಲ್ಲ. "ಪಣಜಿಯಲ್ಲಿ ಮಕ್ಕಳಿಗೆ ಏನಿದೆ? ಅದು ಆಫೀಸುಗಳ ಊರು. ಕಲಂಗುಟ್‌ಗೆ ಹೋಗಿ" ಎಂದರು ಭಾವ. ಅತ್ತೆಗೆ ಬೇರೆ ಚಿಂತೆ. "ತಿಥಿ ನೋಡಿ ಹೋಗಲಿಕ್ಕೆ ಅದೇನು ತೀರ್ಥಯಾತ್ರೆಯೇ?" ಈಗ ಅವರೆಲ್ಲ ನನ್ನ ಹತ್ತಿರವೇ ದಿನ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾವೂ ಎಲ್ಲರ ಹಾಗೆಯೇ ಹೋಗಿದ್ದೆವು. ರಾತ್ರಿ ಸ್ಲೀಪರ್ ಬಸ್, ಉತ್ತರ ಗೋವಾದಲ್ಲಿ ಈಜುಕೊಳ ಇರುವ ರಿಸಾರ್ಟ್, ದಿನಬಾಡಿಗೆಗೆ ಟ್ಯಾಕ್ಸಿ. ಘಾಟಿ ಇಳಿಯುವಾಗ ಇಬ್ಬರೂ ಮಕ್ಕಳು ವಾಂತಿ. ರಿಸಾರ್ಟ್ ಪಕ್ಕದಲ್ಲಿ ನಡುರಾತ್ರಿವರೆಗೆ ಹಾಡು. ಮಧ್ಯಾಹ್ನ ಕಡಲಿಗೆ ಹೋದರೆ ಭರತದ ಹೊತ್ತು, ನೀರು ಏರಿತ್ತು. ಅಲೆ ಕಾಲಿಗೆ ಅಪ್ಪಳಿಸಿ ಸಣ್ಣವನು ಎಷ್ಟು ಹೆದರಿದ ಅಂದರೆ ಆಮೇಲೆ ಮರಳಿಗೂ ಇಳಿಯಲಿಲ್ಲ. ಟ್ಯಾಕ್ಸಿಗೇ ದಿನಕ್ಕೆ ಎರಡೂವರೆ, ಮೂರು ಸಾವಿರ. ಮನೆಗೆ ಬಂದು ಲೆಕ್ಕ ಹಾಕಿದರೆ 40 ಸಾವಿರದ ಹತ್ತಿರ. ಅಷ್ಟು ಕೊಟ್ಟು ಮಕ್ಕಳು ನೋಡಿದ್ದು ಟಿವಿ.

ನನ್ನ ತವರು ಕುಮಟಾ ಕಡೆ. ಭರತ ಇಳಿತ ನೋಡದೆ ನಮ್ಮಲ್ಲಿ ಯಾರೂ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗುವುದಿಲ್ಲ. ಗೋವಾಕ್ಕೂ ಅದನ್ನೇ ಹಿಡಿದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಆ ಕರಾವಳಿಯಲ್ಲಿ ಸಂಜೆ ಐದರ ಸುಮಾರಿಗೆ ನೀರು ಇಳಿದಿರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಮಕ್ಕಳು ನಿದ್ದೆ ಮುಗಿಸಿ ಏಳುವ ಹೊತ್ತಿಗೆ ಸರಿಯಾಗಿ ಪಣಜಿಯ ಕಡಲತೀರ ಮಿರಾಮಾರ್‌ನಲ್ಲಿ ಅಗಲವಾದ ಒದ್ದೆ ಮರಳು ಸಿಗುತ್ತದೆ. ಅಮಾವಾಸ್ಯೆಗೂ ಇದೇ ಲೆಕ್ಕ, ಆದರೆ ಅಮಾವಾಸ್ಯೆಗೆ ಮಕ್ಕಳನ್ನು ಹೊರಡಿಸಲು ನಮ್ಮ ಮನೆಯಲ್ಲಿ ಬಿಡುವುದಿಲ್ಲ. ನಾನೂ ಹಟ ಮಾಡಲಿಲ್ಲ. ಮುರ್ಗಾವ್ ಬಂದರಿನ ಉಬ್ಬರವಿಳಿತದ ಪಟ್ಟಿ ಒಮ್ಮೆ ನೋಡಿಕೊಳ್ಳಿ, ಹಗಲಿನ ಇಳಿತ ಯಾವ ದಿನ ಜಾಸ್ತಿ ಅಂತ ಗೊತ್ತಾಗುತ್ತದೆ.

ರೈಲು: ಮಾಂಡವಿ ಎಕ್ಸ್‌ಪ್ರೆಸ್, ಹಗಲಿನದು. ವಂದೇ ಭಾರತ್ ಬೇಗ ಹೋಗುತ್ತದೆ, ಜನಶತಾಬ್ದಿಯೂ ಬೇಗ. ಆದರೆ ಅವೆರಡೂ ಕುರ್ಚಿಯ ಗಾಡಿಗಳು. ಮಲಗಲು ಜಾಗ ಇಲ್ಲ. ಐದು ತುಂಬಿದ ಮಗುವಿಗೆ ಪೂರ್ತಿ ಟಿಕೆಟ್ ಬೇರೆ. ಮಾಂಡವಿಯ ಥ್ರೀ ಎಸಿಯಲ್ಲಿ ಬರ್ತ್ ಬೇಡ ಅಂದರೆ ಆರು ವರ್ಷದ ಮಗಳಿಗೆ ಅರ್ಧ ಟಿಕೆಟ್ ಸಾಕು. ಮೂರು ತುಂಬದ ಮಗನಿಗೆ ಏನೂ ಇಲ್ಲ. ದೊಡ್ಡವರಿಗೆ ಒಂದು ಕಡೆಗೆ ತಲೆಗೆ 1,200ರ ಸುಮಾರು ಬಿತ್ತು. ಎರಡೇ ಬರ್ತ್, ನಾಲ್ಕು ಜನ. ಹಗಲಾದ್ದರಿಂದ ಇಕ್ಕಟ್ಟು ಅನಿಸಲಿಲ್ಲ. ಮಧ್ಯಾಹ್ನ ಕೆಳಗಿನ ಬರ್ತ್‌ನಲ್ಲಿ ಇಬ್ಬರನ್ನೂ ತಲೆ-ಕಾಲು ಮಾಡಿ ಮಲಗಿಸಿದೆ. ಬೆಳಿಗ್ಗೆ ಎಂಟರೊಳಗೆ ಥಾಣೆಯಲ್ಲಿ ಹತ್ತಿದರೆ ಕತ್ತಲಾಗುವ ಹೊತ್ತಿಗೆ ಪಣಜಿ ಹತ್ತಿರದ ಕರ್ಮಳಿ ಸ್ಟೇಷನ್. ಕೊಂಕಣ ರೈಲ್ವೆಯಲ್ಲಿ ಒಟ್ಟು ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ಮಗಳು ಎಣಿಸುತ್ತಾ ಕೂತಳು. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್. ಅದು ಮುಗಿಯುವಷ್ಟರಲ್ಲಿ ಎಣಿಕೆ ಬಿಟ್ಟು ವಡೆಗೆ ಕೈ ಹಾಕಿದ್ದಳು.

ಕರ್ಮಳಿಯಿಂದ ಪಣಜಿ ಹನ್ನೆರಡು ಕಿಲೋಮೀಟರ್ ಇರಬಹುದು. ಟ್ಯಾಕ್ಸಿಗೆ ಖರ್ಚು ಮಾಡಿದ್ದು ಅಲ್ಲಿ ಮಾತ್ರ, ಬರುವಾಗ ಹೋಗುವಾಗ. ಕೋಣೆ ಪಣಜಿಯ ಹಳೇ ಪೋರ್ಚುಗೀಸ್ ಕೇರಿ ಫೊಂಟೈನ್ಹಾಸ್‌ನಿಂದ ನಡೆದು ಹೋಗುವ ದೂರದಲ್ಲಿ, ರಾತ್ರಿಗೆ ಎರಡು ಸಾವಿರದ ಸುಮಾರು. ಯಾವ ಮನೆ ಅಂತ ಬರೆಯುವುದಿಲ್ಲ. ಇರುವುದೇ ನಾಲ್ಕಾರು ಕೋಣೆ, ಮುಂದಿನ ಹುಣ್ಣಿಮೆಗೆ ನನಗೇ ಬೇಕು. ನೀವು ಹುಡುಕುವಾಗ ಕಿಟಕಿ ರಸ್ತೆಗೆ ತೆರೆಯುತ್ತದೋ ಹಿತ್ತಲಿಗೋ ಅಂತ ಕೇಳಿ. ಹಿತ್ತಲಿನದೇ ಬೇಕು.

ದಿನದ ಲೆಕ್ಕ ಹೀಗೆ. ಏಳಕ್ಕೆ ಹೊರಗೆ, ಹನ್ನೊಂದಕ್ಕೆ ಕೋಣೆಗೆ ವಾಪಸ್, ಊಟ, ನಿದ್ದೆ, ನಾಲ್ಕಕ್ಕೆ ಮತ್ತೆ ಹೊರಗೆ. ಹೊಸ ಜಾಗದಲ್ಲಿ ಮಕ್ಕಳನ್ನು ಹನ್ನೆರಡೂವರೆಗೆ ಮಲಗಿಸುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಬೆಳಿಗ್ಗೆ ಪೊದೇರ್, ಅಂದರೆ ಬ್ರೆಡ್ ಮಾರುವವನು, ಸೈಕಲ್ ಮೇಲೆ ಪೊಂ ಪೊಂ ಅಂತ ಹಾರ್ನ್ ಒತ್ತುತ್ತಾ ಬರುತ್ತಾನೆ. ಪೊಯಿ ಎಂಬ ಬಿಸಿ ಬ್ರೆಡ್ ತೆಗೆದುಕೊಂಡು ಅದರ ಹೊಟ್ಟೆ ಬಿಡಿಸಿ, ತುಪ್ಪ ಸವರಿ, ಊರಿಂದ ಒಯ್ದ ಶೇಂಗಾ ಚಟ್ನಿಪುಡಿ ಹಾಕಿದೆ. ಮಗಳು ಎರಡು ತಿಂದಳು. ಮಗನಿಗೆ ಅದನ್ನೇ ಹಾಲಿನಲ್ಲಿ ನೆನೆಸಿಕೊಟ್ಟೆ, ಉಗಿದ. ಬಾಳೆಹಣ್ಣು ಹಿಚುಕಿ ಕಲಸಿದ ಮೇಲೆ ತಿಂದ. ಪಣಜಿ ಮಾರ್ಕೆಟ್‌ನಲ್ಲಿ ಕೊಂಕಣಿ ಬಾರದಿದ್ದರೂ ಪರವಾಗಿಲ್ಲ. ತರಕಾರಿ ಬೆಳಗಾವಿ ಕಡೆಯಿಂದ ಬರುತ್ತದೆ, ಮಾರುವವರಲ್ಲೂ ನಮ್ಮವರಿದ್ದಾರೆ. ಒಬ್ಬಾಕೆ ಮಗನ ಮುಖ ನೋಡಿ, "ಬಿಸಲಿಗೆ ಬಾಡ್ಯಾನ್ರಿ ಯವ್ವಾ, ಮಜ್ಜಿಗಿ ಕುಡಸ್ರಿ" ಎಂದು ಒಂದು ಗಜ್ಜರಿ ಕೈಗಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮಕ್ಕಳಿಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಬೇತಿಂ ಫೆರಿ. ಮಾಂಡವಿ ನದಿ ದಾಟಲು ಕೆಲವೇ ನಿಮಿಷ, ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಆ ದಡಕ್ಕೆ ಹೋಗುವುದು, ಅದೇ ಫೆರಿಯಲ್ಲಿ ಬರುವುದು, ಮತ್ತೆ ಹೋಗುವುದು. ಸ್ಕೂಟರ್‌ಗಳು ಸಾಲಾಗಿ ಇಳಿಯುವುದನ್ನು ನೋಡಲು ಸಣ್ಣವನು ಪ್ರತಿ ಸಲ ಮುಂದೆ ನಿಲ್ಲಬೇಕು ಅನ್ನುತ್ತಿದ್ದ. ಕೈ ಬಿಡಬೇಡಿ, ಅಷ್ಟೇ. ಇನ್ನೊಂದು ಬೆಳಿಗ್ಗೆ ರಿಬಂದರ್‌ನಿಂದ ಚೊಡಾಣ ದ್ವೀಪಕ್ಕೆ. ಅಲ್ಲಿ ಸಲೀಂ ಅಲಿ ಪಕ್ಷಿಧಾಮ ಇದೆ. ಎಲ್ಲರೂ ಹಕ್ಕಿಗೆ ಹೋಗುತ್ತಾರೆ. ನಾನು ನೀರು ಇಳಿದ ಹೊತ್ತು ನೋಡಿ ಕರೆದುಕೊಂಡು ಹೋದೆ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ನೆಗೆಯುವ ಮೀನು, ಒಂದೇ ಕೈ ದೊಡ್ಡದಿರುವ ಏಡಿ. ಮೂರು ವರ್ಷದ ಮಗುವಿಗೆ ದೂರದ ಹಕ್ಕಿ ಕಾಣುವುದಿಲ್ಲ, ಕಾಲ ಹತ್ತಿರದ ಏಡಿ ಕಾಣುತ್ತದೆ.

ಹಳೇ ಗೋವಾದ ಇಗರ್ಜಿಗಳಿಗೆ ಅರ್ಧ ಬೆಳಿಗ್ಗೆ ಸಾಕು. ಸ್ಟ್ರೋಲರ್ ಒಯ್ಯಬೇಡಿ. ಫೊಂಟೈನ್ಹಾಸ್‌ನ ಓಣಿಗಳಲ್ಲಿ ಅದು ಹೋಗುವುದಿಲ್ಲ. ಮಕ್ಕಳ ಅಪ್ಪ ಹಟ ಹಿಡಿದು ಒಯ್ದ ಸ್ಟ್ರೋಲರ್ ಪೂರ್ತಿ ಪ್ರವಾಸ ಬಾಗಿಲ ಹಿಂದೆಯೇ ನಿಂತಿತ್ತು.

ಸಂಜೆ ಮಾತ್ರ ಮಿರಾಮಾರ್ ತಪ್ಪಿಸಲಿಲ್ಲ. ಬಸ್ಸಿಗೆ ತಲೆಗೆ ಹತ್ತು ಹದಿನೈದು ರೂಪಾಯಿ. ಅದು ಮಾಂಡವಿ ಕಡಲು ಸೇರುವ ಜಾಗ, ಸೆಳೆತ ಇದೆ. ಈಜಿಗೆ ಇಳಿಸಬೇಡಿ. ಮರಳಲ್ಲಿ ಆಡಿಸಿ. ನೀರಿನ ಅಂಚಿಗೆ ಐಸ್‌ಕ್ರೀಂ ಕಡ್ಡಿ ನೆಡಿಸಿದೆ, ಕಾಲು ಗಂಟೆಗೊಮ್ಮೆ ಹೊಸ ಕಡ್ಡಿ. ನೀರು ಎಷ್ಟು ಹಿಂದೆ ಹೋಯಿತು ಅಂತ ಮಗಳು ಹೆಜ್ಜೆಯಲ್ಲಿ ಅಳೆದಳು. ನಡುವೆ ನೀರು ನಿಂತು, ಆಮೇಲೆ ತಿರುಗಿ ಬಂದು ಮೊದಲ ಕಡ್ಡಿಯನ್ನು ಮುಟ್ಟಿದಾಗ ಇಬ್ಬರೂ ಕಿರುಚಿದ್ದೇ ಕಿರುಚಿದ್ದು. ಹಿಂದೆ ಅಲೆಗೆ ಹೆದರಿದ್ದ ಮಗ ಅವತ್ತು ತಾನಾಗಿಯೇ ಮೊಣಕಾಲವರೆಗೆ ನೀರಿಗೆ ನಡೆದ. ನಾನು ಎರಡು ಹೆಜ್ಜೆ ಹಿಂದೆ. ಮುಂದೆ ಕರಂಜಾಳೆ ಕಡೆ ನಡೆದರೆ ಕೆಲವು ದಿನ ಮೀನುಗಾರರು ರಂಪಣಿ ಬಲೆ ದಡಕ್ಕೆ ಎಳೆಯುವುದು ಕಾಣಸಿಗುತ್ತದೆ. ಬಲೆ ಮೇಲೆ ಬರುವವರೆಗೆ ಮಕ್ಕಳು ಕದಲುವುದಿಲ್ಲ.

ಒಟ್ಟು ಖರ್ಚು 18 ಸಾವಿರದ ಆಸುಪಾಸು. ರೈಲಿಗೆ ಆರು, ಕೋಣೆಗೆ ಎಂಟು, ಉಳಿದದ್ದು ಊಟ, ಬಸ್ಸು, ಆ ಎರಡು ಟ್ಯಾಕ್ಸಿ. ಒಂದು ದಿನವೂ ಯಾರಿಗೂ ಜ್ವರ ಬರಲಿಲ್ಲ, ವಾಂತಿ ಇಲ್ಲ.

ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಪಂಚಾಂಗದಲ್ಲಿ ಹುಣ್ಣಿಮೆ ಗುರುತು ಹಾಕಿಕೊಂಡು, ಟಿಕೆಟ್ ತೆರೆದ ದಿನವೇ ಬುಕ್ ಮಾಡಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ, ಡಿಸೆಂಬರ್ ಕೊನೆಯ ವಾರ ಬಿಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ. ಕಡಲೂ ಆಗ ಮಕ್ಕಳಿಗೆ ಹೇಳಿದ್ದಲ್ಲ.