ಬೆಂಗಳೂರಲ್ಲಿ ಮೊದಲ ಟೆಕ್ನೋ ಗಿಗ್: ಓಪನಿಂಗ್ ಸೆಟ್‌ಗೆ ತಯಾರಿ ಹೇಗೆ?

ಹೊಸ ಡಿಜೆಗಳಿಗೆ ಸಿಗುವುದು ಸಾಮಾನ್ಯವಾಗಿ ಮೊದಲ ಸ್ಲಾಟ್, ಅಂದರೆ ರಾತ್ರಿಯ ಶುರುವಿನ ಓಪನಿಂಗ್ ಸೆಟ್. ರಾತ್ರಿ 9 ಗಂಟೆ, ಫ್ಲೋರ್ ಖಾಲಿ, ಬಾರ್ ಹತ್ತಿರ ನಾಲ್ಕು ಜನ. ಬೇಜಾರು ಮಾಡಿಕೊಳ್ಳಬೇಡಿ. ಬರ್ಲಿನ್‌ನಲ್ಲಿ ಬೆಳಗಾದರೂ ಮುಗಿಯದ ಪಾರ್ಟಿಯನ್ನು ನಾವಿಲ್ಲಿ ರಾತ್ರಿ 1 ಗಂಟೆಯೊಳಗೆ ಮುಗಿಸಬೇಕು, ಅಲ್ವಾ? ಇರುವುದೇ ನಾಲ್ಕು ಗಂಟೆ, ಅದರಲ್ಲಿ ಜನರನ್ನು ಮೆಲ್ಲಗೆ ಫ್ಲೋರಿಗೆ ಕರೆತರುವ ಕೆಲಸ ನಿಮ್ಮದು, ಅದು ಚೆನ್ನಾಗಿ ಆದರೆ ಉಳಿದ ರಾತ್ರಿ ತಾನಾಗಿ ಚೆನ್ನಾಗಿರುತ್ತದೆ.

ಮೊದಲು ಕಿವಿ ತಯಾರಾಗಬೇಕು. ಈಗಿನ ಸಿಡಿಜೆಗಳಲ್ಲಿ (ಡಿಜೆಗಳು ಟ್ರ್ಯಾಕ್ ನುಡಿಸುವ ಯಂತ್ರ) ಎರಡು ಟ್ರ್ಯಾಕ್‌ಗಳ ಬೀಟನ್ನು ತಾನೇ ಸೇರಿಸುವ ಸಿಂಕ್ ಬಟನ್ ಇದೆ, ನಿಜ. ಆದರೆ ಸಾಫ್ಟ್‌ವೇರ್ ಬೀಟನ್ನು ತಪ್ಪಾಗಿ ಗುರುತಿಸಿದ್ದರೆ ಸಿಂಕ್ ಕೂಡ ತಪ್ಪುತ್ತದೆ, ಹಳೆಯ ವಿನೈಲ್‌ನಿಂದ ರೆಕಾರ್ಡ್ ಮಾಡಿದ ಟ್ರ್ಯಾಕ್‌ಗಳಲ್ಲಿ ಇದು ಜಾಸ್ತಿ. ಮನೆಯಲ್ಲಿ ಅಂಕಿಗಳು ಕಾಣದ ಹಾಗೆ ಸ್ಕ್ರೀನ್ ಮೇಲೆ ಒಂದು ಪೇಪರ್ ಅಂಟಿಸಿ. ಒಂದು ಟ್ರ್ಯಾಕ್ ಸ್ಪೀಕರಿನಲ್ಲಿ ಓಡಲಿ, ಇನ್ನೊಂದನ್ನು ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸಿಕೊಳ್ಳಿ. ಎರಡರ ಕಿಕ್‌ಗಳು (ಡ್ರಮ್ಮಿನ ದಪ್ಪ ಬಡಿತ) ಕುದುರೆ ಓಡಿದ ಹಾಗೆ ಟಕ-ಟಕ ಅಂತ ಕೇಳಿಸಿದರೆ ಸೇರಿಲ್ಲ ಅಂತ ಅರ್ಥ. ಹೆಡ್‌ಫೋನಿನ ಟ್ರ್ಯಾಕಿನ ಜಾಗ್ ವೀಲನ್ನು (ಸಿಡಿಜೆ ಮೇಲಿನ ದೊಡ್ಡ ಚಕ್ರ) ಮುಂದೆ ತಳ್ಳಿ ನೋಡಿ. ಸರಿಯಾಯಿತಾ? ಹಾಗಾದರೆ ಆ ಟ್ರ್ಯಾಕ್ ಹಿಂದೆ ಬಿದ್ದಿತ್ತು, ಪಿಚ್ ಫೇಡರ್‌ನಲ್ಲಿ ಸ್ವಲ್ಪ ವೇಗ ಹೆಚ್ಚಿಸಿ. 126 ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಟ್ರ್ಯಾಕನ್ನು 128ಕ್ಕೆ ತರಲು ಬೇಕಿರುವುದು ಸುಮಾರು 1.6 ಶೇಕಡಾ ಅಷ್ಟೆ, ಕೂದಲೆಳೆಯಷ್ಟು. ದಿನಾ ಅರ್ಧ ಗಂಟೆ ಹೀಗೆ ಕೂತರೆ ಕಿವಿ ಖಂಡಿತ ಪಳಗುತ್ತದೆ.

ಆಮೇಲೆ ಲೆಕ್ಕ. ಈ ಸಂಗೀತ ಹೆಚ್ಚಾಗಿ 32 ಬೀಟಿಗೊಮ್ಮೆ ತಿರುವು ತಗೊಳ್ಳುತ್ತದೆ. ಆದಿ ತಾಳ ಹಾಕಿ ಗೊತ್ತಿದ್ದರೆ ನಾಲ್ಕು ಆವರ್ತನ ಅಂದುಕೊಳ್ಳಿ, ತೊಡೆ ಮೇಲೆ ಕೈ ತಟ್ಟುತ್ತಾ ಎಣಿಸಿ. ಹೊಸ ಟ್ರ್ಯಾಕ್ ಶುರು ಮಾಡುವುದು ಆ ತಿರುವಿನಲ್ಲೇ. ಎರಡು ಬೇಸ್‌ಗಳು ಒಟ್ಟಿಗೆ ಓಡಬಾರದು, ಕೆಸರಾಗುತ್ತದೆ. ಬರುವ ಟ್ರ್ಯಾಕಿನ ಲೋ (ಮಿಕ್ಸರ್ ಮೇಲೆ ಬೇಸ್ ಏರಿಸಿ ಇಳಿಸುವ ಗುಂಡಿ) ಪೂರ್ತಿ ಇಳಿಸಿಟ್ಟು, ಮುಂದಿನ ತಿರುವಿನಲ್ಲಿ ಹಳೆಯದರ ಲೋ ಇಳಿಸಿ ಹೊಸದನ್ನು ಏರಿಸಿ.

ಟ್ರ್ಯಾಕ್ ಆಯ್ಕೆಯಲ್ಲೇ ಹೊಸಬರು ಎಡವುವುದು. 9 ಗಂಟೆಗೆ 140 ಬಿಪಿಎಂ ಹೊಡೆದರೆ ಮುಂದಿನವರು ಎಲ್ಲಿಗೆ ಹೋಗಬೇಕು? 118ರಿಂದ 122ರ ಒಳಗೆ ಶುರು ಮಾಡಿ, ಡಬ್ ಟೆಕ್ನೋ, ಡೀಪ್ ಹೌಸ್, ಜನ ಮಾತಾಡುತ್ತಲೇ ತಲೆ ಆಡಿಸುವಂಥದ್ದು. ಗಂಟೆಯಲ್ಲಿ ನಾಲ್ಕೈದು ಬಿಪಿಎಂ ಏರಿದರೆ ಸಾಕು. ರಾತ್ರಿಯ ದೊಡ್ಡ ಹಿಟ್‌ಗಳನ್ನು ಮುಟ್ಟಲೇಬೇಡಿ, ಅವು ಹೆಡ್‌ಲೈನರ್‌ಗೆ, ಅಂದರೆ ರಾತ್ರಿಯ ಮುಖ್ಯ ಡಿಜೆಗೆ. ಟ್ರ್ಯಾಕ್‌ಗಳನ್ನು ದುಡ್ಡು ಕೊಟ್ಟು ತಗೊಳ್ಳಿ, ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟ್‌ನಲ್ಲಿ ಕೊಂಡರೆ ಹೆಚ್ಚಿನ ಪಾಲು ಕಲಾವಿದರಿಗೇ ಹೋಗುತ್ತದೆ.

ಪೆನ್‌ಡ್ರೈವ್ ಎರಡು ಇರಲಿ, ಎರಡೂ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ, ಎರಡರಲ್ಲೂ ಅದೇ ಟ್ರ್ಯಾಕ್‌ಗಳು. ಹಳೆಯ ಸಿಡಿಜೆಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಓದುವುದಿಲ್ಲ. ಮಿಕ್ಸರ್‌ನಲ್ಲಿ ಕೆಂಪು ದೀಪ ಹೊತ್ತಿದರೆ ವಾಲ್ಯೂಮ್ ಇಳಿಸಿ, ಸದ್ದು ಸಾಲದಿದ್ದರೆ ಸೌಂಡ್ ಎಂಜಿನಿಯರ್‌ರನ್ನು ಕೇಳಿ. ಇಯರ್‌ಪ್ಲಗ್ ಹಾಕಿಕೊಳ್ಳಿ, ದಯವಿಟ್ಟು. 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಸುರಕ್ಷಿತ ಅನ್ನುವ ಸಮಯ ಬರೀ 15 ನಿಮಿಷ.

ನಿಮ್ಮ ಟೈಮ್ ಮುಗಿಯುವ ಹತ್ತು ನಿಮಿಷ ಮೊದಲು ಮುಂದಿನ ಡಿಜೆಯನ್ನು ಕೇಳಿ: ಎಷ್ಟು ಬಿಪಿಎಂನಲ್ಲಿ ಶುರು ಮಾಡುತ್ತೀರಿ? ಕೊನೆಗೆ ಉದ್ದ ಔಟ್ರೋ (ಮುಗಿಯುವ ಭಾಗ) ಇರುವ ಟ್ರ್ಯಾಕ್ ಹಾಕಿ, ಮಿಕ್ಸರ್‌ನ ಒಂದು ಚಾನೆಲ್ ಖಾಲಿ ಬಿಟ್ಟು, ಪಕ್ಕಕ್ಕೆ ಸರಿದು ನಿಲ್ಲಿ.