ಮೂರು ತಿಂಗಳಿಗೊಂದು ಸೂಜಿ

ಮುಂಬೈ ಹತ್ತಿರದ ಡೊಂಬಿವಲಿಯ ನಾವು ಹನ್ನೊಂದು ಜನ ಕನ್ನಡಿಗರು ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಆದವರಿಗೆ ದುಡ್ಡು ಕೂಡಿಸಲು ಶುರು ಮಾಡಿದಾಗ ಒಂದು ದೊಡ್ಡ ತಪ್ಪು ಮಾಡಿದೆವು. ಊರಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬಂದವರು ಯಾರು ಕೇಳಿದರೂ ಐದು ಸಾವಿರ, ಹತ್ತು ಸಾವಿರ ಕೈಗೆ ಕೊಟ್ಟುಬಿಡುತ್ತಿದ್ದೆವು. ವರ್ಷದ ಕೊನೆಗೆ ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಅರ್ಧಕ್ಕರ್ಧ ಜನ ಚಿಕಿತ್ಸೆ ನಡುವೆಯೇ ಬಿಟ್ಟಿದ್ದರು.

ಈ ಕ್ಯಾನ್ಸರ್ ಬೆಳೆಯೋದೇ ಗಂಡಸಿನ ಹಾರ್ಮೋನಿನಿಂದ. ಅದನ್ನು ತಡೆಯಲು ಬಹಳ ಜನರಿಗೆ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಬೇಕು, ಕೆಲವರಿಗೆ ವರ್ಷಗಟ್ಟಲೆ. ಇಂಜೆಕ್ಷನ್ ಬದಲು ವೃಷಣ ತೆಗೆಯುವ ಆಪರೇಷನ್ನೂ ಇದೆ; ಅದು ಒಂದೇ ಸಲದ್ದು, ಖರ್ಚೂ ಕಡಿಮೆ. ಆದರೆ ಅದು ರೋಗಿ ಮತ್ತು ಡಾಕ್ಟರು ಕೂತು ಮಾತಾಡಬೇಕಾದ ವಿಷಯ. ದುಡ್ಡು ಉಳಿಯುತ್ತೆ ಅಂತ ನಾವು ಬಾಯಿ ಹಾಕಬಾರದು.

ವಿಜಯಪುರ ಕಡೆಯ ಒಬ್ಬ ರೈತ ಕಾಕಾ ಇದನ್ನೆಲ್ಲ ನನಗೆ ಅರ್ಥ ಮಾಡಿಸಿದರು. ಮೂತ್ರದ ಚೀಲವನ್ನು ಬಟ್ಟೆಯ ಕೈಚೀಲದಲ್ಲಿಟ್ಟು, ಮೇಲೊಂದು ಟವೆಲ್ ಮುಚ್ಚಿ ಹಿಡಿದಿದ್ದರು. ಮಗನ ಮುಂದೆ ಬಾಯಿ ಬಿಡಲಿಲ್ಲ. ಚಹಾಕ್ಕೆ ಕರೆದುಕೊಂಡು ಹೋದಾಗ ಹೇಳಿದರು: "ರಾತ್ರಿ ಎಂಟ್ ಸಲ ಏಳ್ತಿದ್ದೆರಿ. ಮಂದಿ ಮುಂದ ಹೆಂಗ ಹೇಳೂದು?" ಹಾಗೇ ಎರಡು ವರ್ಷ ಕಳೆದಿತ್ತು. ಈ ಕ್ಯಾನ್ಸರಿಗೆ ನೋಡುವ ರಕ್ತಪರೀಕ್ಷೆ ಪಿಎಸ್ಎ 86 ಬಂದಿತ್ತು, ಬಹಳ ಜಾಸ್ತಿ. ಮೂಳೆಗೂ ಹಬ್ಬಿತ್ತು. ಎರಡು ಇಂಜೆಕ್ಷನ್ ಆದಮೇಲೆ ಪಿಎಸ್ಎ 2ಕ್ಕಿಳಿಯಿತು, ಚೀಲವೂ ಹೋಯಿತು. ಆರಾಮಾಯಿತು ಅಂದುಕೊಂಡು ಕಾಕಾ ಊರಲ್ಲೇ ಉಳಿದರು. ನಾನೂ ವಿಚಾರಿಸಲಿಲ್ಲ. ಬೆನ್ನುನೋವು ಹೊತ್ತುಕೊಂಡು ಅವರು ಮತ್ತೆ ಬಂದಾಗ ಪಿಎಸ್ಎ ಏರಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಈಗ ಒಬ್ಬರನ್ನು ಹಿಡಿದರೆ ಎರಡು ವರ್ಷ ಬಿಡಲ್ಲ. ಡಾಕ್ಟರಿಂದ ಅಂದಾಜು ಖರ್ಚಿನ ಪತ್ರ ತಗೊಂಡು ಅಷ್ಟೂ ದುಡ್ಡು ಬೇರೆ ಎತ್ತಿಡುತ್ತೇವೆ. ನಂತರವೇ ಮುಂದಿನವರು. ಕೈಗೆ ನಗದು ಇಲ್ಲ, ಆಸ್ಪತ್ರೆಯಲ್ಲಿ ಅವರ ಫೈಲ್ ನಂಬರಿಗೇ ಕಟ್ಟುತ್ತೇವೆ. ಟ್ರಸ್ಟ್ ನೋಂದಣಿ, ದಾನ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ ಎಲ್ಲ ಮಾಡಿಸಿದ್ದೇವೆ. ದಾನವನ್ನೂ ಬ್ಯಾಂಕಿನ ಮೂಲಕವೇ ತಗೋತೇವೆ, ಯಾಕಂದ್ರೆ 2,000 ರೂಪಾಯಿ ದಾಟಿದ ನಗದಿಗೆ ಆ ವಿನಾಯಿತಿ ಸಿಗಲ್ಲ.

ಹೀಗೆ ಮಾಡಿದರೆ ಬಹಳ ಜನರಿಗೆ ಇಲ್ಲ ಅನ್ನಬೇಕಾಗುತ್ತೆ. ಅದು ಕಷ್ಟ. ಆದರೆ ಬರಿಗೈಲಿ ಕಳಿಸಲ್ಲ. ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಜೊತೆಗೆ ಹೋಗುತ್ತೇವೆ, ಪ್ರಧಾನಮಂತ್ರಿ ಪರಿಹಾರ ನಿಧಿಗೆ ಅರ್ಜಿ ತುಂಬಿಕೊಡುತ್ತೇವೆ. ರೈಲಿನ ರಿಯಾಯಿತಿ ಫಾರ್ಮಿಗೆ ಡಾಕ್ಟರ ಸಹಿ ಹಾಕಿಸುತ್ತೇವೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವವರಿಗೆ ಮುಕ್ಕಾಲು ಭಾಗ. ಎಷ್ಟೋ ಜನರಿಗೆ ಇದು ಗೊತ್ತೇ ಇರಲ್ಲ.

ಇಂಜೆಕ್ಷನ್ನಿಗೆ ಹತ್ತು ದಿನ ಮುಂಚೆ ಫೋನ್ ಮಾಡುವುದು ನನ್ನ ಕೆಲಸ. ಹೋದ ವಾರ ಕಾಕಾ ತಾವೇ ಮಾಡಿದರು.

"ಮುಂದಿನ ಸೂಜಿ ಬಿತ್ತಿಗಿ ಟೈಮಿನಾಗ ಬರ್ತದರಿ. ಇರ್ಲಿ, ಹೊಲ ಮಗಾ ನೋಡ್ಕೋತಾನ. ಟಿಕೆಟ್ ತಗಸ್ರಿ."