ಮುಂದಿನ ಪ್ರೊ ಮಿರರ್‌ಲೆಸ್ ಕ್ಯಾಮೆರಾ ಎಷ್ಟಕ್ಕೆ ಬರುತ್ತೆ? ಗೆಸ್ ಮಾಡೋದಾದ್ರೆ ಹಿಂಗ್ ಮಾಡಿ

ಹೊಸ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ; ಮಿರರ್‌ಲೆಸ್ ಅಂದ್ರೆ ಒಳಗೆ ಕನ್ನಡಿ ಇಲ್ಲದ್ದು) ಬರ್ತಿದೆ ಅಂತ ಗಾಳಿಸುದ್ದಿ ಎದ್ದ ಕೂಡ್ಲೆ ಎಲ್ರೂ ಸ್ಪೆಕ್ ಶೀಟ್ ಹಿಡ್ಕೊಂಡು ಕೂಡೋ ಲೆಕ್ಕ ಶುರು ಮಾಡ್ತಾರೆ, ಇಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಇಷ್ಟು ಫ್ರೇಮು, 8ಕೆ ವಿಡಿಯೋ ಬೇರೆ ಇದೆ, ಹಂಗಾದ್ರೆ ಇಷ್ಟಾಗ್ಲೇಬೇಕು ಅಂತ. ಆ ಲೆಕ್ಕ ತಾಳೆ ಆಗೋದೇ ಇಲ್ಲ. ಕ್ಯಾನನ್ 2024ರ ಜುಲೈನಲ್ಲಿ ಒಂದೇ ದಿನ ಎರಡು ಬಾಡಿ ಅನೌನ್ಸ್ ಮಾಡ್ತು ನೋಡಿ. ಆರ್5 ಮಾರ್ಕ್ 2ಗೆ 45 ಮೆಗಾಪಿಕ್ಸೆಲ್, ಅಮೆರಿಕದಲ್ಲಿ ಲಾಂಚ್ ಬೆಲೆ 4,299 ಡಾಲರ್ (ಮುಂದೆ ಬರೋ ಬೆಲೆಗಳೂ ಹಂಗೇ). ಆರ್1ಗೆ ಬರೀ 24 ಮೆಗಾಪಿಕ್ಸೆಲ್, ಬೆಲೆ 6,299. ಮೆಗಾಪಿಕ್ಸೆಲ್ ಎಣಿಸಿದವರೆಲ್ಲ ಅಲ್ಲೇ ಪಲ್ಟಿ.

ನಾನು ಮಾಡೋದು ಏನಂದ್ರೆ, ಮೊದಲು ಆ ಕಂಪನಿಯ ಮನೆ ಒಳಗೆ ನೋಡ್ತೀನಿ, ಮೇಲೆ ಯಾವ ಬಾಡಿ ಕೂತಿದೆ, ಕೆಳಗೆ ಯಾವುದಿದೆ, ಹೊಸದಕ್ಕೆ ಖಾಲಿ ಉಳಿದಿರೋ ಜಾಗ ಯಾವುದು. ಸೋನಿ ಎ9 III ಇದಕ್ಕೆ ಒಳ್ಳೆ ಉದಾಹರಣೆ. 2023ರಲ್ಲಿ ಬಂದಾಗ ಫುಲ್ ಫ್ರೇಮ್ (ಹಳೆ 35ಎಂಎಂ ಫಿಲ್ಮ್ ಅಳತೆಯ ಸೆನ್ಸರ್) ಮಿರರ್‌ಲೆಸ್‌ನಲ್ಲಿ ಮೊದಲ ಗ್ಲೋಬಲ್ ಶಟರ್ (ಇಡೀ ಸೆನ್ಸರ್ ಒಂದೇ ಕ್ಷಣಕ್ಕೆ ಓದೋದು) ಅದು, ಹಂಗಂತ ತಲೆ ಮೇಲೆ ಹೊತ್ಕೊಂಡು 7,000 ಇಡಬಹುದಿತ್ತು, ಆದ್ರೆ ಮೇಲ್ಗಡೆ ಎ1 ಆಗ್ಲೇ 6,499.99ಕ್ಕೆ ಕೂತಿತ್ತು, ಅದನ್ನ ದಾಟೋ ಹಂಗಿಲ್ಲ, ಹಳೆ ಎ9 II 4,499.99 ಇತ್ತು, ಹೊಸ ಟೆಕ್ನಾಲಜಿ ಇಟ್ಕೊಂಡು ಅಲ್ಲಿಗೆ ಇಳಿಯೋಕೂ ಆಗಲ್ಲ. ಬಂದಿದ್ದು 5,999.99ಕ್ಕೆ. ಈ ಎರಡು ನಂಬರ್ ಗೊತ್ತಿದ್ದವ್ರಿಗೆ ಅರ್ಧ ಕೆಲಸ ಸ್ಪೆಕ್ ನೋಡೋಕೆ ಮುಂಚೆನೇ ಮುಗಿದಿತ್ತು.

ಆಮೇಲೆ ಹಿಂದಿನ ಮಾಡೆಲ್‌ಗಿಂತ ಎಷ್ಟು ಏರುತ್ತೆ ಅನ್ನೋದು. ಇಲ್ಲಿ ಎಲ್ಲದಕ್ಕೂ ಹತ್ತು ಪರ್ಸೆಂಟ್ ಸೇರಿಸಿ ಕೈ ತೊಳ್ಕೊಳ್ಳೋರೇ ಜಾಸ್ತಿ. ಆರ್5ಗೆ ಅದು ಸರಿಹೋಯ್ತು, 3,899ರಿಂದ 4,299. ಆದ್ರೆ ಮಿಡ್ ರೇಂಜ್ ಬಾಡಿಗಳು ಒಂದೇ ಏಟಿಗೆ ನಾಲ್ಕನೇ ಒಂದು ಭಾಗ ಜಿಗಿದಿವೆ, ಸೋನಿ ಎ7 III 2,000ದ ಹತ್ರ ಇದ್ದಿದ್ದು ಎ7 IV ಆಗುವಾಗ 2,500, ನಿಕಾನ್ ಝಡ್6 II ಇಂದ ಝಡ್6 III ಕೂಡ ಅದೇ ಕಥೆ. ತುದಿಲಿರೋ ಫ್ಲ್ಯಾಗ್‌ಶಿಪ್‌ಗಳು ಮಾತ್ರ ಅಷ್ಟಾಗಿ ಅಲ್ಲಾಡಲ್ಲ. ಸೋನಿ ಎ1 2021ರ ಜನವರಿಲಿ 6,499.99, ಎ1 II 2024ರ ನವೆಂಬರ್‌ನಲ್ಲಿ ಅದೇ 6,499.99. ಇನ್ನೂ ಹಿಂದಕ್ಕೆ ಹೋದ್ರೆ ಕನ್ನಡಿ ಇದ್ದ ಕಾಲದ ನಿಕಾನ್ ಡಿ5 2016ರಲ್ಲಿ 6,499.95, ಡಿ6 2020ರಲ್ಲಿ ಪೈಸೆ ವ್ಯತ್ಯಾಸ ಇಲ್ಲ. ಕ್ಯಾನನ್ ಅಂತೂ 1ಡಿ ಎಕ್ಸ್‌ಗೆ 6,799 ಇಟ್ಟು ಮಾರ್ಕ್ 2ಗೆ 5,999ಕ್ಕೆ ಇಳಿದು ಮಾರ್ಕ್ 3ಗೆ ಮತ್ತೆ 6,499ಕ್ಕೆ ಹತ್ತಿತು. ಹತ್ತು ವರ್ಷಕ್ಕೂ ಮೇಲೆ 6,500ರ ಹತ್ರ ಒಂದು ಸೂರು ಇದ್ದಂಗಿದೆ, ಹಣದುಬ್ಬರ ಲೆಕ್ಕ ಹಾಕಿದ್ರೆ ಫ್ಲ್ಯಾಗ್‌ಶಿಪ್ ನಿಜವಾಗ್ಲೂ ಅಗ್ಗ ಆಗ್ತಾ ಬಂದಿದೆ, ಯಾರೂ ನಂಬಲ್ಲ ಆದ್ರೆ ನಂಬರ್ ಅದನ್ನೇ ಹೇಳ್ತಿದೆ. ಹಂಗಾಗಿ ಯಾರಾದ್ರೂ 35ಎಂಎಂ ಫ್ಲ್ಯಾಗ್‌ಶಿಪ್‌ಗೆ 8,000 ಅಂದ್ರೆ ನಾನು ಓದೋದು ನಿಲ್ಲಿಸ್ತೀನಿ.

ನಾನೇನು ಯಾವಾಗ್ಲೂ ಸರಿ ಇರ್ತೀನಿ ಅಂತಲ್ಲ. ಝಡ್9ಗೆ 6,499.95 ಅಂತ ಎದೆ ತಟ್ಕೊಂಡು ಹೇಳಿದ್ದೆ, ಡಿ6 ಅಷ್ಟಿತ್ತಲ್ಲ ಅಂತ. 2021ರ ಅಕ್ಟೋಬರ್‌ನಲ್ಲಿ 5,499.95ಕ್ಕೆ ಬಂತು, ಸಾವಿರ ಡಾಲರ್ ಮಿಸ್ಸು! ನಾನು ಬಿಟ್ಟಿದ್ದು ಎರಡು ವಿಷಯ. ಒಂದು, ನಿಕಾನ್ ಆಗ ಮಿರರ್‌ಲೆಸ್‌ನಲ್ಲಿ ಹಿಂದೆ ಬಿದ್ದಿತ್ತು, ಬಿಟ್ಟುಹೋಗೋ ಪ್ರೊ ಜನರನ್ನ ಹಿಡ್ಕೊಳ್ಳೋಕೆ ಅದಕ್ಕೆ ಬೆಲೆನೇ ಆಯುಧ. ಇನ್ನೊಂದು, ಆ ಬಾಡಿಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ, ಸ್ಟ್ಯಾಕ್ಡ್ (ಪದರ ಪದರವಾಗಿ ಜೋಡಿಸಿದ) ಸೆನ್ಸರ್ ಅಷ್ಟು ಬೇಗ ಓದುತ್ತೆ ಅಂತ ಶಟರ್ ಪರದೆನೇ ತೆಗೆದು ಹಾಕಿದ್ರು, ಕನ್ನಡಿ ಮೊದ್ಲೇ ಇಲ್ಲ, ಅಲ್ಲಿಗೆ ಲಕ್ಷಾಂತರ ಸಲ ಹೊಡ್ಕೊಳ್ಳೋ ಭಾಗಗಳ ಖರ್ಚೇ ಹೋಯ್ತು. ಹಂಗಾಗಿ ಈಗ ಒಂದು ಪ್ರಶ್ನೆ ತಪ್ಪದೆ ಕೇಳ್ತೀನಿ, ಈ ಕಂಪನಿ ಗೆಲ್ತಾ ಇದೆಯಾ, ಬೆನ್ನಟ್ತಾ ಇದೆಯಾ? ಬೆನ್ನಟ್ಟೋನು ಕಮ್ಮಿ ಇಡ್ತಾನೆ.

ಸೆನ್ಸರ್ ವಿಷ್ಯ ಪೂರ್ತಿ ಬಿಡೋಕೂ ಆಗಲ್ಲ. ಫುಲ್ ಫ್ರೇಮ್ ಅಂದ್ರೆ 36×24 ಮಿಲಿಮೀಟರ್, 300 ಮಿಲಿಮೀಟರ್ ವೇಫರ್‌ನಲ್ಲಿ (ಚಿಪ್ ಕತ್ತರಿಸೋ ಸಿಲಿಕಾನ್ ಬಿಲ್ಲೆ) ಬರೀ ವಿಸ್ತೀರ್ಣದ ಲೆಕ್ಕದಲ್ಲೇ 80ರ ಆಸುಪಾಸು ಸೆನ್ಸರ್, ಅಂಚಲ್ಲಿ ತುಂಡಾಗೋವು, ದೋಷ ಇರೋವು ಕಳೆದ್ರೆ ಇನ್ನೂ ಕಮ್ಮಿ. ಸ್ಟ್ಯಾಕ್ಡ್ ಅಂದ್ರೆ ಅದರ ಬೆನ್ನಿಗೆ ಲಾಜಿಕ್, ಮೆಮೊರಿ ಪದರಗಳೂ ಅಂಟ್ಕೋಬೇಕು, ಅದಕ್ಕೇ ದುಬಾರಿ. ಝಡ್6 IIIಲಿ ನಿಕಾನ್ ವೇಗದ ಸರ್ಕ್ಯೂಟ್‌ನ ಮೇಲಂಚು ಕೆಳಂಚಲ್ಲಿ ಮಾತ್ರ ಇಟ್ಟು ಪಾರ್ಶಿಯಲಿ ಸ್ಟ್ಯಾಕ್ಡ್ ಅಂತ ಕರೀತು, ಅದ್ರಿಂದ್ಲೇ 2,499.95ಕ್ಕೆ ಕೊಡೋಕಾಯ್ತು. ಹಂಗಾಗಿ ಸುದ್ದಿಲಿ ಸ್ಟ್ಯಾಕ್ಡ್ ಅಂದ್ರೆ ಪೂರ್ತಿನಾ ಭಾಗಶಃನಾ ಅಂತ ಮೊದ್ಲು ನೋಡಿ. ಆದ್ರೂ ಸೆನ್ಸರ್ರೇ ಎಲ್ಲ ಅಂದ್ಕೋಬೇಡಿ, ಫ್ಯೂಜಿ ಜಿಎಫ್‌ಎಕ್ಸ್100 2019ರಲ್ಲಿ 9,999, ಅದೇ 102 ಮೆಗಾಪಿಕ್ಸೆಲ್ ಇಟ್ಕೊಂಡು ಸಣ್ಣ ಬಾಡಿಲಿ ಜಿಎಫ್‌ಎಕ್ಸ್100ಎಸ್ 2021ರಲ್ಲಿ 5,999. ಗ್ರಿಪ್ಪು, ಕಳಚೋ ವ್ಯೂಫೈಂಡರು ಹೋದ್ವು, ಜೊತೆಗೆ 4,000 ಡಾಲರ್ ಹೋಯ್ತು.

ಕರೆನ್ಸಿ ಬಗ್ಗೆ ಜನ ತುಂಬ ಆಸೆ ಇಟ್ಕೋತಾರೆ, ಯೆನ್ ಬಿದ್ದಿದೆ, ಅಗ್ಗ ಆಗುತ್ತೆ ಅಂತ. ಆಗಲ್ಲ. ಎ1 ಬಂದಾಗ ಡಾಲರಿಗೆ 104 ಯೆನ್ ಹತ್ರ ಇತ್ತು, ಎ1 II ಬಂದಾಗ 150 ದಾಟಿತ್ತು, ಡಾಲರ್ ಬೆಲೆ ಅಲ್ಲೇ ನಿಂತಿತ್ತು, ಆ ವ್ಯತ್ಯಾಸ ಕಂಪನಿ ಜೇಬಿಗೆ. ಬೀಳೋ ಯೆನ್ ಬೆಲೆ ಇಳಿಸಲ್ಲ, ಹೆಚ್ಚಂದ್ರೆ ಏರೋದನ್ನ ತಡಿಯುತ್ತೆ ಅಷ್ಟೆ. ಸುಂಕ ಮಾತ್ರ ಉಲ್ಟಾ, ಬೇಗ ತಟ್ಟುತ್ತೆ, 2025ರಲ್ಲಿ ಅಮೆರಿಕ ಆಮದು ಸುಂಕ ಏರಿಸಿದಾಗ ಹಲವು ಕ್ಯಾಮೆರಾ ಕಂಪನಿಗಳು ಆಗ್ಲೇ ಮಾರ್ತಿದ್ದ ಬಾಡಿಗಳಿಗೂ ಅಲ್ಲಿ ರೇಟ್ ಏರಿಸಿದ್ವು. ಹಂಗಾಗಿ ಹಳೆ ಲಾಂಚ್ ಬೆಲೆ ಜೊತೆ ಇವತ್ತಿನ ಬೆಲೆನೂ ನೋಡ್ಕೊಳ್ಳಿ.

ಲೀಕ್ ಆದ ಬೆಲೆ ಸಿಕ್ಕರೆ ಎರಡು ಚೆಕ್. ಯೂರೋಪಿನ ಬೆಲೆಲಿ ತೆರಿಗೆ ಸೇರಿರುತ್ತೆ, ಅಮೆರಿಕದ್ದರಲ್ಲಿ ಇರಲ್ಲ, ಜರ್ಮನಿಲಿ 19 ಪರ್ಸೆಂಟ್, ಬ್ರಿಟನ್‌ನಲ್ಲಿ 20. 6,000 ಯೂರೋ ಅಂತ ಜರ್ಮನಿಯಿಂದ ಬಂದ್ರೆ ಮೊದ್ಲು 1.19ರಿಂದ ಭಾಗ್ಸಿ, ಸುಮಾರು 5,040 ಯೂರೋ, ಆಮೇಲೆ ಡಾಲರಿಗೆ ತಿರುಗ್ಸಿ, ಇದನ್ನ ಮರೆತು ಎಷ್ಟು ಜನ ಬೊಬ್ಬೆ ಹೊಡೆದಿದ್ದಾರೋ. ಇನ್ನೊಂದು ಚಿಕ್ಕ ತಮಾಷೆ, ಬೆಲೆಯ ಬಾಲ ನೋಡಿ. ನಿಕಾನ್ ಅಮೆರಿಕದಲ್ಲಿ .95, ಸೋನಿ ಅನೌನ್ಸ್ ಮಾಡುವಾಗ .99, ಕ್ಯಾನನ್ ಸೊನ್ನೆ. ನಿಕಾನ್ ಬಾಡಿಗೆ ದುಂಡಗೆ 6,000.00 ಅಂತ ಲೀಕ್ ಬಂದ್ರೆ ಯಾರೋ ಮನೇಲಿ ಕೂತು ಟೈಪ್ ಮಾಡಿದ್ದು.

ಈಗ ಒಂದು ಮಾಡೇ ತೋರಿಸ್ತೀನಿ, ಝಡ್9 ಆದ್ಮೇಲೆ ಬರೋ ಬಾಡಿ. ಕೆಳಗೆ ಝಡ್8 ಲಾಂಚ್‌ಗೆ 3,999.95, ಜಾಗ ಬೇಕಾದಷ್ಟಿದೆ. ಮೇಲೆ ಸೂರು 6,500, ಎದುರಾಳಿ ಆರ್1 ಲಾಂಚ್‌ಗೆ 6,299. ಹಳೇದಕ್ಕೆ ಹತ್ತು ಪರ್ಸೆಂಟ್ ಸೇರಿದ್ರೆ 6,050. ನಿಕಾನ್ ಈಗ 2021ರಷ್ಟು ಹತಾಶವಾಗಿಲ್ಲ, ಝಡ್8 ಝಡ್9 ಎರಡೂ ಚೆನ್ನಾಗಿ ನಿಂತಿವೆ, ಸುಮ್ನೆ ಅಗ್ಗಕ್ಕೆ ಕೊಡೋ ಕಾರಣ ಇಲ್ಲ, ಆದ್ರೆ ಆರ್1ಗಿಂತ ಒಂದು ಮೆಟ್ಟಿಲು ಕೆಳಗೆ ಇಡೋದು ಅದಕ್ಕೆ ಅನುಕೂಲ. ರೇಂಜ್ 5,800ರಿಂದ 6,300, ಒಂದೇ ನಂಬರ್ ಹೇಳು ಅಂದ್ರೆ 5,999.95. ಗ್ಲೋಬಲ್ ಶಟರ್ ಇದೆ ಅಂತ ಪಕ್ಕಾ ಆದ್ರೆ 6,299.95ಕ್ಕೆ ತಿದ್ಕೋತೀನಿ, ಅದಕ್ಕಿಂತ ಮೇಲೆ ಹೋಗಲ್ಲ.